ಮೀನಿಲ್ಲದ ತೊಟ್ಟಿಗೆ ಮರಿಯಣ್ಣನ ಹೆಪ್ಪು

ಬೆಳಗ್ಗೆ ಐದೂ ಮುಕ್ಕಾಲು. ಚಾಮರಾಜಪೇಟೆ, ಟಿ.ಆರ್. ಮಿಲ್ ಹಿಂದಿನ ಗಲ್ಲಿ. ಹೀರೋ ಎಂಟ್ರಿ. ಆದರೆ ಧೂಳೆಬ್ಬಿಸುವ ಜೀಪಿಲ್ಲ, ಸ್ಲೋಮೋಷನ್ನಿನಲ್ಲಿ ಹಾರುವ ಶಾಲಿಲ್ಲ. ಲುಂಗಿ ಎತ್ತಿ ಕಟ್ಟಿದ ಐವತ್ತನಾಲ್ಕರ ಮರಿಯಣ್ಣ ಬಚ್ಚಲ ಪಕ್ಕದ ಗಾಜಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಬಿಟ್ಟು, ಇಟ್ಟಿಗೆ ಗಾತ್ರದ ಕಪ್ಪು ಸ್ಪಂಜೊಂದನ್ನು ಮೇಲೆತ್ತುತ್ತಾರೆ. ಕೆಳಗೆ ಐದು ಲೀಟರಿನ ಕ್ಯಾನು. ಸ್ಪಂಜು ಹಿಂಡಿದರೆ ಇಳಿಯುವುದು ಮೂರನೇ ಸಲ ಇಳಿಸಿದ ಡಿಕಾಕ್ಷನ್ ಬಣ್ಣದ ನೀರು.

“ನೋಡೋರಿಗೆ ಗಲೀಜು. ನಂಗೆ ಇದೇ ಆಸ್ತಿ” ಎನ್ನುತ್ತಾರೆ ಮರಿಯಣ್ಣ.

ಒಲೆ ಮುಂದಿನಿಂದ ಹೆಂಡತಿ ನರಸಮ್ಮನ ದನಿ ಬರುತ್ತದೆ. “ಎಲ್ರೂ ಎದ್ದು ದೇವ್ರ ಮುಖ ನೋಡ್ತಾರೆ, ನೀನು ಸ್ಪಂಜಿನ ಮುಖ ನೋಡ್ತೀಯ. ನನ್ ಬದ್ಲು ಅದಕ್ಕೇ ತಾಳಿ ಕಟ್ಬೇಕಿತ್ತು.”

“ಕಟ್ಟಿದ್ರೆ ಅದು ಇಷ್ಟೊಂದು ಮಾತಾಡ್ತಿರ್ಲಿಲ್ಲ.”

“ಮಾತಾಡಲ್ಲ, ನಾರುತ್ತೆ.”

ಪಂಚ್ ಡೈಲಾಗಿನಲ್ಲಿ ಈ ಮನೆಯ ಹೀರೋ ಯಾರೆಂಬುದು ಅಲ್ಲೇ ತೀರ್ಮಾನವಾಗುತ್ತದೆ. ಮರಿಯಣ್ಣ ಸ್ಪಂಜನ್ನು ವಾಪಸ್ ತೊಟ್ಟಿಗೆ ಇಳಿಸಿ, ಚೊಂಬು ತೆಗೆದುಕೊಂಡು, ವಾರದಲ್ಲಿ ಆವಿಯಾಗಿ ಇಂಗಿದ ಒಂದು ಬೆರಳಿನಷ್ಟು ನೀರನ್ನು ಮೇಲಿನಿಂದ ತುಂಬತೊಡಗುತ್ತಾರೆ. ಎರಡನೇ ಚೊಂಬು ಅರ್ಧಕ್ಕೆ ನಿಲ್ಲುತ್ತದೆ. ಹುಬ್ಬು ಗಂಟಾಗುತ್ತದೆ. ಚೊಂಬನ್ನೂ ತೊಟ್ಟಿಯನ್ನೂ ಮತ್ತೆ ಮತ್ತೆ ನೋಡುತ್ತಾರೆ. ಏನೋ ಹೊಳೆದಿದೆ, ಅಥವಾ ಹೊಳೆಯಬೇಕಾದದ್ದು ಕೈಗೆ ಸಿಗದೆ ಜಾರಿದೆ. ಮೂವತ್ತಾರು ದಿನಗಳಿಂದ ಅವರ ಮುಖದ ಮೇಲೆ ಇದೇ ಗೊಂದಲ.

ಗೊಂದಲದ ವಿಳಾಸ: ಬಸವನಗುಡಿ, ಶಂಭುಲಿಂಗಪ್ಪನವರ ಮನೆಯ ಹಾಲ್. ಅಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯಿದೆ. ತಳದಲ್ಲಿ ಕಪ್ಪು ಮಣ್ಣು, ಅದರಲ್ಲಿ ಬೇರುಬಿಟ್ಟ ನಿಜವಾದ ಗಿಡಗಳು, ಮೇಲೆ ಬೆಳ್ಳನೆಯ ದೀಪ, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರ್. ಎಲ್ಲವೂ ಇದೆ, ಮೀನೊಂದಿಲ್ಲ. ನಾಯಕ, ನಾಯಕಿ, ಖಳ ಯಾರೂ ಬಾರದೆ ಬರೀ ಸೆಟ್ಟನ್ನೇ ಐದು ವಾರ ತೋರಿಸಿದರೆ ಪ್ರೇಕ್ಷಕ ಕುರ್ಚಿ ಹರಿಯದೆ ಇರುತ್ತಾನೆಯೇ?

ಮೀನು ಬಿಡದಿರುವುದು ಮರಿಯಣ್ಣನ ಹಟ. ಮೀನು ತಿಂದದ್ದು, ಉಳಿಸಿದ್ದು, ವಿಸರ್ಜಿಸಿದ್ದು ಎಲ್ಲ ನೀರಿನಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಹಳೆಯ ತೊಟ್ಟಿಯ ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಂಸಾರ ಹೂಡಿರುತ್ತವೆ. ಅವು ಅಮೋನಿಯಾವನ್ನು ನೈಟ್ರೈಟ್ ಎಂಬ ಎರಡನೇ ವಿಷವಾಗಿಸುತ್ತವೆ, ಆಮೇಲೆ ಅದನ್ನೂ ಅರಗಿಸಿ ಗಿಡಕ್ಕೆ ಗೊಬ್ಬರ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಸಂಸಾರ ಹುಟ್ಟಲು ನಾಲ್ಕೈದು ವಾರ ಬೇಕು. ಅಷ್ಟು ದಿನ ಮೀನಿಲ್ಲದ ನೀರಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬೇಕು. ಹಳೇ ಸ್ಪಂಜಿನ ನೀರು ಸೇರಿಸಿದರೆ ಕೆಲಸ ಎರಡು ಮೂರು ವಾರಕ್ಕೆ ಮುಗಿಯುತ್ತದೆ.

“ಗಾಜು, ಮಣ್ಣು, ಗಿಡ, ಲೈಟು ದುಡ್ಡು ಕೊಟ್ರೆ ಸಿಗುತ್ತೆ. ಇದೊಂದು ಮಾತ್ರ ಕಾಯ್ಬೇಕು. ಕಾಯೋಕೆ ಯಾರಿಗೂ ಟೈಮಿಲ್ಲ” ಎನ್ನುತ್ತಾರೆ ಅವರು.

ಮರಿಯಣ್ಣನಿಗೆ ಕಾಯುವುದನ್ನು ಕಲಿಸಿದ್ದು ಪುಟ್ಟಯ್ಯ. ಮೆಜೆಸ್ಟಿಕ್ ಬಳಿಯ ನೆಲಮಾಳಿಗೆಯೊಂದರಲ್ಲಿ ಮೀನಿನ ಅಂಗಡಿ ಇಟ್ಟಿದ್ದವರು. ಹದಿನೇಳನೇ ವಯಸ್ಸಿಗೆ ಅಲ್ಲಿ ಬಕೆಟ್ ಹೊರಲು ಸೇರಿದ ಮರಿಯಣ್ಣನಿಗೆ ಮೊದಲ ವರ್ಷವಿಡೀ ಮೀನು ಮುಟ್ಟುವ ಭಾಗ್ಯ ಇರಲಿಲ್ಲ. “ಮೀನು ಸಾಕೋದ್ ಬಿಡೋ, ಮೊದ್ಲು ನೀರು ಸಾಕೋದ್ ಕಲಿ ಅಂತಿದ್ರು. ನಂಗೆ ತಲೆ ಬುಡ ಅರ್ಥ ಆಗ್ತಿರ್ಲಿಲ್ಲ. ನೀರನ್ನ ಯಾರಾದ್ರೂ ಸಾಕ್ತಾರಾ?” ರಸ್ತೆಯಾಚೆ ಥಿಯೇಟರು. ಮಧ್ಯಾಹ್ನದ ಆಟ ನುಗ್ಗಿ ನೋಡಿ ಬಂದು, ಅಲ್ಲಿ ಕೇಳಿದ ದನಿಯಲ್ಲೇ ಮೀನುಗಳ ಮುಂದೆ ಸವಾಲು ಹಾಕುವುದು ಅವರ ಅಂದಿನ ಕಲಾಸೇವೆ. ಅಂಗಡಿ ಮುಚ್ಚಿದ ದಿನ ಪುಟ್ಟಯ್ಯ ಸಂಬಳದ ಜೊತೆ ಒಂದು ಒದ್ದೆ ಸ್ಪಂಜನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟರು. ಬಚ್ಚಲ ಪಕ್ಕದ ತೊಟ್ಟಿಯಲ್ಲಿ ಇವತ್ತಿಗೂ ಉಸಿರಾಡುತ್ತಿರುವುದು ಆ ಸ್ಪಂಜಿನ ವಂಶವೇ. ಸ್ಪಂಜು ಹರಿದಾಗಲೆಲ್ಲ ಹೊಸದನ್ನು ಹಳೆಯದರ ಪಕ್ಕ ತಿಂಗಳು ಮಲಗಿಸಿ, ಸಂಸಾರವನ್ನು ದಾಟಿಸಿಕೊಂಡು ಬಂದಿದ್ದಾರೆ.

ಈಗ ಅವರ ದಿನಚರಿ ಲೆಕ್ಕದಲ್ಲಿ ಹೀಗಿದೆ: ದಿನಕ್ಕೆ ಏಳೆಂಟು ತೊಟ್ಟಿ, ಮೂವತ್ತು ಮೂವತ್ತೈದು ಬಕೆಟ್ ನೀರು, ಮೊಪೆಡ್ಡಿನಲ್ಲಿ ಇಪ್ಪತ್ತೆಂಟು ಕಿಲೋಮೀಟರ್. ಸೋಮವಾರ ಮಲ್ಲೇಶ್ವರ, ಮತ್ತಿಕೆರೆ, ಮಂಗಳವಾರ ಹನುಮಂತನಗರ, ಉಳಿದ ದಿನ ಬಸವನಗುಡಿಯ ಸುತ್ತಮುತ್ತ. ಬೆರಳ ಸಂದುಗಳು ವರ್ಷಪೂರ್ತಿ ಬೆಳ್ಳಗೆ ಸುಕ್ಕಾಗಿರುತ್ತವೆ. ಬೆಂಗಳೂರೇ ಬಾಗಿಲು ಹಾಕಿಕೊಂಡ ಆ ಕೊರೊನಾ ದಿನಗಳಲ್ಲಿ ಬೀಗ ಬಿದ್ದ ಕಚೇರಿಯೊಂದರ ಗೇಟಿನಾಚೆ ನಿಂತು, ಒಳಗಿನ ವಾಚ್‌ಮನ್‌ಗೆ “ಒಂದೇ ಚಿಟಿಕೆ! ಜಾಸ್ತಿ ಹಾಕ್ಬೇಡಪ್ಪೋ!” ಎಂದು ದಿನಾ ಕೂಗಿ ಹತ್ತೊಂಬತ್ತು ಮೀನು ಉಳಿಸಿದ ದಾಖಲೆಯೂ ಅವರ ಹೆಸರಿನಲ್ಲಿದೆ. ಈ ದಾಖಲೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ವಾಚ್‌ಮನ್‌ಗೆ ನೆನಪಿದ್ದರೆ ಉಂಟು.

ಆದರೆ ಕಾಲ ಬದಲಾಯಿತು. ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಗೊಂಬೆ ಈಗ ಯಾರಿಗೂ ಬೇಡ. ಎಲ್ಲರಿಗೂ ನೀರೊಳಗೊಂದು ಕಾಡು ಬೇಕು. ಮರಿಯಣ್ಣ ಮೊಬೈಲಿನಲ್ಲಿ ವಿಡಿಯೋ ನೋಡಿ, ಮನೆಯ ಉಪ್ಪಿನಕಾಯಿ ಜಾಡಿಗಳಲ್ಲೆಲ್ಲ ಗಿಡ ನೆಟ್ಟು ನರಸಮ್ಮನಿಂದ ಬೈಸಿಕೊಂಡು, ಒಂದು ವರ್ಷ ಕಲಿತರು. ಆಮೇಲೆ ಸಿಕ್ಕಿದ ಮೊದಲ ಜೀವಂತ ಗಿಡದ ತೊಟ್ಟಿಯೇ ಶಂಭುಲಿಂಗಪ್ಪನವರ ಮನೆಯದು. ಕೆಲಸ ಕೊಟ್ಟವರು ಅವರ ಮಗಳು ಶಿವರಂಜಿನಿ. ಇದು ಗೆದ್ದರೆ ಅದೇ ರಸ್ತೆಯ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಒಂದು ಇಡಿಸುವುದಾಗಿ ಮಾತಾಗಿದೆ. ಸೋತರೆ? ಹೋದ ಭಾನುವಾರ ಶಿವರಂಜಿನಿ ಬಹಳ ನಯವಾಗಿಯೇ ಗಡುವು ಕೊಟ್ಟಿದ್ದಾರೆ.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ಸಂಡೇ ಒಳಗೆ ಏನಾದ್ರೂ ಗೊತ್ತಾಗ್ಲಿಲ್ಲಾಂದ್ರೆ ಮೊಬೈಲ್ ಆಪ್‌ನವ್ರನ್ನ ಕರೀತೀನಿ. ಅವ್ರು ಒಂದೇ ದಿನದಲ್ಲಿ ಮೀನು ಸಮೇತ ರೆಡಿ ಮಾಡ್ತಾರಂತೆ.”

“ಒಂದೇ ದಿನದಲ್ಲಿ ರೆಡಿ ಮಾಡ್ತಾರೆ ಮೇಡಂ, ಒಂದೇ ವಾರದಲ್ಲಿ ತಿಥೀನೂ ಮಾಡ್ತಾರೆ” ಎಂದು ಬಾಯಿಗೆ ಬಂದದ್ದನ್ನು ಮರಿಯಣ್ಣ ನುಂಗಿಕೊಂಡರು.

ಸಮಸ್ಯೆ ಇಷ್ಟೇ, ಆದರೆ ತಲೆ ಕೆಡಿಸುವಷ್ಟು. ಪರೀಕ್ಷೆಗೆ ಗಾಜಿನ ಪುಟ್ಟ ಕೊಳವೆಯಲ್ಲಿ ತೊಟ್ಟಿಯ ನೀರು ತುಂಬಿ ಔಷಧಿ ಹನಿ ಹಾಕಬೇಕು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಇನ್ನೊಂದು ಕೊಳವೆಗೆ ಬೇರೆ ಔಷಧಿಯ ಹನಿ ಹಾಕಿ ನೇರಳೆ ಬಂದರೆ ನೈಟ್ರೈಟ್ ಹುಟ್ಟಿದೆ, ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ ಎಂದರ್ಥ. ಈ ತೊಟ್ಟಿಯಲ್ಲಿ ಐದು ವಾರದಿಂದ ಮೊದಲ ಕೊಳವೆ ಹಸಿರೋ ಹಳದಿಯೋ ಹೇಳಲಾಗದ ಬಣ್ಣ, ಎರಡನೆಯದು ಹುಟ್ಟಿದ ಬಣ್ಣದಲ್ಲೇ ಇರುವ ಆಕಾಶನೀಲಿ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಟೈಟಲ್ ಕಾರ್ಡಿನಲ್ಲೇ ನಿಂತುಹೋದ ಸಿನಿಮಾ.

ಖಳನಾಯಕ ಯಾರು? ಮೊದಲ ಅನುಮಾನ ಪರೀಕ್ಷೆಯ ಔಷಧಿಯ ಮೇಲೆ. ತಮ್ಮ ಮನೆಯ ನೀರು ತುಂಬಿ ನೋಡಿದರು, ಸರಿಯಾದ ಬಣ್ಣವೇ ಬಂತು. ಎರಡನೇ ಅನುಮಾನ ಗಿಡಗಳ ಮೇಲೆ. ಅಮೋನಿಯಾವನ್ನು ಅವೇ ಕುಡಿದಿರಬಹುದೇ? ಆದರೆ ಗಿಡಗಳು ಬೆಳೆದದ್ದು ಅಷ್ಟಕ್ಕಷ್ಟೆ. ಮೂರನೆಯದು ಫಿಲ್ಟರ್. ಬಿಚ್ಚಿದರು, ಮುಚ್ಚಿದರು, ಅದು ಗುಳುಗುಳು ಎಂದು ನಕ್ಕಿತು. ಎರಡು ಸಲ ಮನೆಯಿಂದ ಸ್ಪಂಜಿನ ನೀರು ತಂದು ಸುರಿದರು. ಮರುವಾರ ನೋಡಿದರೆ ಅದರ ಕುರುಹೇ ಇಲ್ಲ. ಕೊನೆಗೆ ಉಳಿದದ್ದು ಒಂದೇ ಅನುಮಾನ, ತಮ್ಮ ಮೇಲೆ.

“ನಂಗೆ ವಯಸ್ಸಾಯ್ತೇನೋ ಅನ್ಸ್‌ಬಿಡ್ತು. ಪುಟ್ಟಯ್ಯನವ್ರ ಕಾಲದ ಕೈ ಇದು, ಹೊಸ ವಿದ್ಯೆಗೆ ಹೊಂದಲ್ವೇನೋ. ಮೂವತ್ತೇಳು ವರ್ಷದಲ್ಲಿ ಹಿಂಗಾಗಿರ್ಲಿಲ್ಲ.” ಆಮೇಲೆ ಹಳೇ ಥಿಯೇಟರಿನ ದನಿಯಲ್ಲಿ ಸೇರಿಸುತ್ತಾರೆ: “ನೀರು ಸುಳ್ಳು ಹೇಳಲ್ಲ. ಹೇಳ್ತಿದೆ ಅಂದ್ರೆ, ಯಾರೋ ಹೇಳಿಸ್ತಿದಾರೆ!”

ಶಿಳ್ಳೆ ಬೀಳಬೇಕಾದ ಮಾತು. ಬಿದ್ದದ್ದು ನರಸಮ್ಮನ ಪಾತ್ರೆಗಳ ಸದ್ದು.

ಮೂವತ್ತಾರು ದಿನಗಳಲ್ಲಿ ಹೆಚ್ಚು ಮಜಾ ತೆಗೆದುಕೊಂಡವರು ಶಂಭುಲಿಂಗಪ್ಪ. ಚಿಕ್ಕಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿ ಈಗ ತೊಟ್ಟಿಯ ಎದುರಿನ ಕುರ್ಚಿಯಲ್ಲಿ ಪೇಪರ್ ಓದುವ ಅವರು, ಬಂದ ನೆಂಟರು “ಮೀನೆಲ್ಲಿ?” ಎಂದರೆ, “ವಾಕಿಂಗ್ ಹೋಗಿದಾವೆ, ಕೂತ್ಕೊಳಿ, ಬರ್ತವೆ” ಎನ್ನುತ್ತಾರೆ. ಮರಿಯಣ್ಣನಿಗೂ ಬಿಡುವುದಿಲ್ಲ. “ಏನಪ್ಪಾ, ಹೆಣ್ಣು ನೋಡೋಕ್ ಬಂದೋರು ಇಷ್ಟ್ ಹೊತ್ತಿಗೆ ಮದ್ವೆ ಆಗಿ ಬಾಣಂತನಕ್ಕೆ ಬರ್ತಿದ್ರು. ನಿನ್ ಮೀನು ಎಲ್ಲಿ?” ಅವರ ಪತ್ನಿ ವಿಶಾಲಾಕ್ಷಮ್ಮ ಮಾತ್ರ ನಗುವುದಿಲ್ಲ. ಪಾಪ ಎಂಬಂತೆ ನೋಡಿ, ಒಂದು ಲೋಟ ಕಾಫಿ ಹೆಚ್ಚೇ ಕೊಟ್ಟು, ಅಂಗಳದ ದಾಸವಾಳದ ಕಡೆ ಹೋಗುತ್ತಾರೆ. ಆ ದಾಸವಾಳವೋ, ಎರಡು ವರ್ಷ ಮುನಿಸಿಕೊಂಡು ಕೂತಿದ್ದದ್ದು, ಈ ತಿಂಗಳು ತಟ್ಟೆಯಗಲದ ಹೂ ಬಿಡುತ್ತಿದೆ. ಮರಿಯಣ್ಣನೂ ಒಂದೆರಡು ಸಲ ಹೊಗಳಿದ್ದುಂಟು.

ಈಗ ಚೊಂಬಿನ ಕಥೆಗೆ ಬರೋಣ. ಬಚ್ಚಲ ಪಕ್ಕದಲ್ಲಿ ಅರ್ಧಕ್ಕೆ ನಿಂತ ಚೊಂಬು ಮರಿಯಣ್ಣನ ಕೈಯಲ್ಲೇ ಇದೆ. “ಲೇ ನರಸಮ್ಮಾ, ಯಾವ್ ತೊಟ್ಟೀಲಾದ್ರೂ ವಾರಕ್ಕೊಂದು ಬೆರಳು ನೀರು ಇಂಗ್ಲೇಬೇಕು. ಆ ಮನೇಲಿ ಐದು ವಾರದಿಂದ ನಾನು ಒಂದ್ ಚೊಂಬೂ ಹಾಕಿಲ್ಲ ಕಣೆ. ಗೆರೆ ಇದ್ದಂಗೇ ಇದೆ.”

“ಹಂಗಾದ್ರೆ ಯಾರೋ ಹಾಕ್ತಿದಾರೆ” ಎನ್ನುತ್ತಾರೆ ನರಸಮ್ಮ, ಉಪ್ಪು ಹಾಕಿದಷ್ಟೇ ಸಲೀಸಾಗಿ.

ಪ್ರತಿ ಭಾನುವಾರ ಹನ್ನೊಂದಕ್ಕೆ ಹೋಗುತ್ತಿದ್ದ ಮರಿಯಣ್ಣ ಇವತ್ತು ಆರೂವರೆಗೇ ಬಸವನಗುಡಿಯಲ್ಲಿದ್ದಾರೆ. ಕ್ಯಾನು ಮೊಪೆಡ್ಡಿನ ಮುಂದೆ ಕಾಲ ನಡುವೆ. ಗೇಟು ತೆರೆದಿದೆ, ರಂಗೋಲಿ ಬಿದ್ದಿದೆ, ಬಾಗಿಲು ಓರೆಯಾಗಿದೆ. ಒಳಗಿನಿಂದ ಬಳ್‌ಬಳ್ ಎಂಬ ಸದ್ದು. ಬಾಗಿಲಲ್ಲೇ ನಿಂತ ಮರಿಯಣ್ಣನ ಕಣ್ಣಿಗೆ ಬೀಳುವ ದೃಶ್ಯ ಇದು: ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿದ ಎಪ್ಪತ್ತರ ವಿಶಾಲಾಕ್ಷಮ್ಮ ತೊಟ್ಟಿಯ ಮುಚ್ಚಳ ಸರಿಸಿ, ಚೊಂಬಿನಲ್ಲಿ ನೀರು ಮೊಗೆದು ಮೊಗೆದು ಸ್ಟೀಲ್ ಕೊಡಕ್ಕೆ ತುಂಬುತ್ತಿದ್ದಾರೆ. ಪಕ್ಕದಲ್ಲಿ ಆಗಲೇ ತುಂಬಿದ ಇನ್ನೊಂದು ಕೊಡ. ಅದರ ಪಕ್ಕ ನಲ್ಲಿಯಿಂದ ಹಿಡಿದು ತಂದ ಎರಡು ಬಕೆಟ್ ಹೊಸ ಕಾವೇರಿ ನೀರು, ಕ್ಲೋರಿನ್ ವಾಸನೆ ಬಾಗಿಲವರೆಗೂ ಬರುತ್ತಿದೆ.

“ಅಮ್ಮಾ... ಏನ್ ಮಾಡ್ತಿದೀರಾ?”

“ಅಯ್ಯೋ, ಬಂದ್ಯಾ ಮರಿಯಣ್ಣ? ಇಷ್ಟ್ ಬೇಗ? ಬಾ, ಬಾ. ದಿನಾ ಮಾಡೋದೇ ಕಣಪ್ಪ. ನಿನ್ನೆ ನೀರು ತೆಗ್ದು ಇವತ್ತಿನ್ ನೀರು ಹಾಕ್ತಿದೀನಿ.”

“ದಿನಾನಾ?”

“ಮತ್ತೆ? ಪೂಜೆಗೆ ನಿನ್ನೆ ನೀರು ಬರುತ್ತಾ? ಕುಡಿಯೋ ಕೊಡದಲ್ಲೇ ನಿನ್ನೆ ನೀರು ಇಟ್ಕೊಳಲ್ಲ ನಾವು. ಜೀವ ಬರೋ ಜಾಗದಲ್ಲಿ ಹಳೇ ನೀರು ನಿಲ್ಲಿಸ್ತಾರಾ? ನೀನು ವಾರಕ್ಕೊಂದ್ ಸಲ ಬರೋನು. ಆ ಹುಡುಗಿ ಎಂಟೂವರೆಗೆ ಏಳೋಳು. ನಾನೇ ನೋಡ್ಕೋಬೇಕಲ್ಲ.” ಮೊಗೆದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವ ಅಗತ್ಯವೇ ಇಲ್ಲ. ಅಂಗಳದಲ್ಲಿ ದಾಸವಾಳ ಹಲ್ಲು ಕಿರಿಯುತ್ತಿದೆ.

ಮರಿಯಣ್ಣ ಗೋಡೆಗೊರಗಿ ಕೂತುಬಿಡುತ್ತಾರೆ. ಅಳುವುದೋ ನಗುವುದೋ ತೋಚುವುದಿಲ್ಲ. ತೊಟ್ಟಿಯ ಅರ್ಧದಷ್ಟು ನೀರು ದಿನಾ ಆಚೆ, ಹೊಸ ನೀರಿನ ಕ್ಲೋರಿನ್ ದಿನಾ ಒಳಗೆ. ನಲ್ಲಿಯಲ್ಲಿ ರೋಗಾಣು ಕೊಲ್ಲಲೆಂದು ಹಾಕುವ ಔಷಧಿ, ಪುಟ್ಟಯ್ಯನ ಕಾಲದಿಂದ ಬಂದ ಸಂಸಾರವನ್ನೂ ಬೆಳಗಾದರೆ ತೊಳೆದುಹಾಕುತ್ತಿತ್ತು. ಕ್ಲೋರಿನ್ ತೆಗೆಯುವ ಹನಿಯ ಬಾಟಲಿಯನ್ನು ಅವರು ಶಿವರಂಜಿನಿಗೆ ಕೊಟ್ಟು, ಬಳಸುವುದು ಹೇಗೆಂದು ಎರಡು ಸಲ ಹೇಳಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು ಎಂದು ಮಾತ್ರ ಕೇಳಿರಲಿಲ್ಲ.

ಸದ್ದಿಗೆ ಶಂಭುಲಿಂಗಪ್ಪ ಪೇಪರ್ ಹಿಡಿದು ಹೊರಬರುತ್ತಾರೆ. “ಯಜಮಾನ್ರೇ, ನಿಮಗೆ ಗೊತ್ತಿತ್ತಾ ಇದು?” ಎನ್ನುತ್ತಾರೆ ಮರಿಯಣ್ಣ.

“ಗೊತ್ತಿಲ್ದೆ ಏನು, ಕಣ್ಮುಂದೇನೇ ನಡೀತಿತ್ತು. ನೀನೇ ಹೇಳಿರ್ತೀಯ ಅಂತ ಅಂದ್ಕೊಂಡೆ. ಟ್ರೀಟ್‌ಮೆಂಟು ಅಂತ.”

ಈಗ ಸಂಕಟ ಬೇರೆ ತರಹದ್ದು. ತಪ್ಪು ತನ್ನ ಕೈಯದಲ್ಲ ಎಂದು ತಿಳಿದ ಸಮಾಧಾನ ಒಂದು ಕಡೆ. ಇನ್ನೊಂದು ಕಡೆ, ತಾಯಿಯಂಥ ಹೆಂಗಸಿಗೆ ಅವರ ಮಡಿಯೇ ತಪ್ಪೆಂದು ಹೇಗೆ ಹೇಳುವುದು? ವಿಶಾಲಾಕ್ಷಮ್ಮನ ಮುಖ ಆಗಲೇ ಸಣ್ಣದಾಗಿದೆ. “ನಾನೇನಾದ್ರೂ ಕೆಡಿಸ್ಬಿಟ್ನಾ?” ಎಂದು ಕೇಳುತ್ತಾರೆ, ಚೊಂಬು ಇನ್ನೂ ಕೈಯಲ್ಲಿ.

ಮರಿಯಣ್ಣ ತಲೆ ಕೆರೆದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾ ಎಂದರೆ ಅಮ್ಮ ಡೆಟಾಲ್ ತಂದುಬಿಡುತ್ತಾರೆ. ಅಡುಗೆಮನೆ ಕಡೆ ಕಣ್ಣು ಹೋಗುತ್ತದೆ. “ಅಮ್ಮಾ, ಮೊಸರು ಮನೇಲೇ ಮಾಡ್ತೀರಾ?”

“ಮತ್ತೆ ಪ್ಯಾಕೆಟ್ ತರ್ತೀವಾ?”

“ದಿನಾ ಪಾತ್ರೆ ತೊಳೀತೀರಿ. ಹೆಪ್ಪು ತೊಳೀತೀರಾ?”

“ಹೆಪ್ಪು ತೊಳೆದ್ರೆ ನಾಳೆ ಮೊಸರು ಹೆಂಗಾಗುತ್ತೆ?” ಎಂದವರೇ ವಿಶಾಲಾಕ್ಷಮ್ಮ ಚೊಂಬನ್ನು ನೋಡುತ್ತಾರೆ. ತೊಟ್ಟಿಯನ್ನು ನೋಡುತ್ತಾರೆ. ಮೊಪೆಡ್ಡಿನಿಂದ ಇಳಿಸಿ ತಂದ ಕ್ಯಾನನ್ನು ನೋಡುತ್ತಾರೆ. “ಅಂದ್ರೆ... ಇದು ಹೆಪ್ಪಾ?”

“ಹೂಂ ಅಮ್ಮಾ. ನಾನು ಹೆಪ್ಪು ಹಾಕ್ತಿದ್ದೆ, ನೀವು ತೊಳೀತಿದ್ರಿ.”

“ಅಯ್ಯೋ ಶಿವನೇ!” ಚೊಂಬು ಕೆಳಗಿಟ್ಟು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆಮೇಲೆ ನಗು ಬರುತ್ತದೆ, ಹೊಟ್ಟೆ ಹಿಡಿದುಕೊಳ್ಳುವಷ್ಟು. “ಮೂವತ್ತಾರು ದಿನ! ಯಾರಾದ್ರೂ ಒಂದ್ ಮಾತು ಹೇಳ್ಬಾರ್ದಾ? ಎಲ್ಲಿ, ಈಗ್ಲೇ ಹಾಕು. ಎಲ್ಲಿಂದ ತಂದೆ ಹೆಪ್ಪು?”

ಈ ಪ್ರಶ್ನೆಯನ್ನು ಮರಿಯಣ್ಣ ಮೂವತ್ತೇಳು ವರ್ಷದಲ್ಲಿ ಬೇರೆ ಬೇರೆ ಹಾಲ್‌ಗಳಲ್ಲಿ ಕೇಳಿದ್ದಾರೆ, ಕೇಳಿದವರ ಕಣ್ಣು ಜಾತಿ ಹುಡುಕುವುದನ್ನೂ ನೋಡಿದ್ದಾರೆ. ಕೆಲವು ಮನೆಗಳಲ್ಲಿ “ಅಂಗಡೀದು” ಎಂದು ಸುಳ್ಳು ಹೇಳಿದ್ದೂ ಉಂಟು. ಇವತ್ತು ಹೇಳಲಾಗುವುದಿಲ್ಲ. “ನಮ್ಮನೇದೇ ಅಮ್ಮಾ. ನಮ್ಮನೆ ತೊಟ್ಟೀದು.”

“ಯಾರ ಮನೇದಾದ್ರೇನಪ್ಪ, ಒಳ್ಳೇ ಹೆಪ್ಪು ಸಿಗೋದೇ ಕಷ್ಟ” ಎಂದು ವಿಶಾಲಾಕ್ಷಮ್ಮ ತಾವೇ ಮುಚ್ಚಳ ಎತ್ತಿ ಹಿಡಿಯುತ್ತಾರೆ. ಕಂದು ನೀರು ಹೊಗೆಯಂತೆ ಗಿಡಗಳ ನಡುವೆ ಇಳಿಯುತ್ತದೆ. ಎಂಟೂವರೆಗೆ ಎದ್ದ ಶಿವರಂಜಿನಿಗೆ ನಡೆದದ್ದು ಅರ್ಥವಾಗಲು ಎರಡು ಲೋಟ ಕಾಫಿ ಬೇಕಾಗುತ್ತದೆ. ಆಪ್‌ನವರಿಗೆ ಫೋನ್ ಹೋಗುವುದಿಲ್ಲ.

ಉಳಿದ ಒಪ್ಪಂದ ಅಂದೇ ಆಗುತ್ತದೆ. ಇನ್ನು ಮೇಲೆ ನೀರು ತೆಗೆಯುವುದು ಭಾನುವಾರಕ್ಕೊಮ್ಮೆ, ಒಂದೇ ಕೊಡ. ಅದು ದಾಸವಾಳದ ಪಾಲು. ಬದಲಿಗೆ ಹಾಕುವ ನೀರನ್ನು ಶನಿವಾರವೇ ಬಕೆಟ್ಟಿನಲ್ಲಿ ಹಿಡಿದು, ಹನಿ ಹಾಕಿ, ರಾತ್ರಿಯಿಡೀ ಬಾಯಿ ತೆರೆದಿಡಬೇಕು. “ಅಂದ್ರೆ ಮೀನಿಗೆ ನಿನ್ನೆ ನೀರೇ ಮಡಿ ಅನ್ನು” ಎಂದು ವಿಶಾಲಾಕ್ಷಮ್ಮ ಗೊಣಗುತ್ತಾರೆ. ತಲೆಕೆಳಗಾದ ಈ ಶಾಸ್ತ್ರ ಅವರಿಗೆ ಪೂರ್ತಿ ಒಪ್ಪಿಗೆಯಾದಂತಿಲ್ಲ. ಆದರೂ ಶನಿವಾರ ಮರೆಯುವುದಿಲ್ಲ.

ಒಂಬತ್ತನೇ ದಿನ ಕೊಳವೆ ನೇರಳೆಗೆ ತಿರುಗುತ್ತದೆ. ಮರಿಯಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನಿಲ್ಲುತ್ತಾರೆಂದರೆ, ಶಂಭುಲಿಂಗಪ್ಪ “ಕುಡೀಬೇಡಪ್ಪೋ” ಎಂದು ಎಚ್ಚರಿಸಬೇಕಾಗುತ್ತದೆ. ಇಪ್ಪತ್ತೆರಡನೇ ದಿನ ಅಮೋನಿಯಾ ಹಳದಿ, ನೈಟ್ರೈಟ್ ಮತ್ತೆ ನೀಲಿ. ಈ ಸಲದ ನೀಲಿ ಬೇರೆ. ಸಂಸಾರ ನಿಂತ ಮನೆಯ ನೀಲಿ. ಅಂದೇ ಆರು ಗಪ್ಪಿ ಮೀನುಗಳು ತೊಟ್ಟಿಗೆ ಇಳಿಯುತ್ತವೆ. ಶಂಭುಲಿಂಗಪ್ಪ ಪೇಪರ್ ಮಡಚಿಟ್ಟು, “ವಾಕಿಂಗ್ ಮುಗೀತಾ?” ಎಂದು ಅವುಗಳನ್ನೇ ಕೇಳುತ್ತಾರೆ.

ಇನ್ನೂ ಎರಡು ವಾರದ ಮೇಲೆ, ಒಂದು ಸಂಜೆ ಐದೂವರೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೊಸ ತೊಟ್ಟಿಗೆ ಗಿಡ ನೆಟ್ಟು ಮುಗಿಸಿದ ಮರಿಯಣ್ಣ ಇನ್ನೇನು ಚಾಮರಾಜಪೇಟೆಗೆ ಹೋಗಿ ಸ್ಪಂಜಿನ ನೀರು ತರಬೇಕು. ತಮ್ಮ ಮನೆಯ ಗೇಟಿನಲ್ಲಿ ನಿಂತ ವಿಶಾಲಾಕ್ಷಮ್ಮ ಕೂಗಿ ಕರೆಯುತ್ತಾರೆ.

“ಅಷ್ಟ್ ದೂರ ಯಾಕ್ ಹೋಗ್ತೀಯಾ? ನಮ್ಮನೇಲಿ ಆಗ್ಲೇ ಗಟ್ಟಿ ಹೆಪ್ಪಾಗಿದೆ, ಹಿಂಡ್ಕೊಂಡ್ ಹೋಗು. ಬೇಗ ಬಾ. ದೀಪ ಹಚ್ಚಿದ್ ಮೇಲೆ ನಾವು ಹೆಪ್ಪು ಕೊಡಲ್ಲ.”

ಮರಿಯಣ್ಣ ಕ್ಯಾನು ಹಿಡಿದು ಒಳಗೆ ಓಡುತ್ತಾರೆ. ಹೊರಬರುವಾಗ ಅದನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿರುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ, ಥಿಯೇಟರಿನ ದನಿ ಯಾಕೋ ಬರುವುದಿಲ್ಲ.

“ಆಸೆ ಏನಿಲ್ಲ. ನರಸಮ್ಮಂಗೆ ಹೋಗಿ ಹೇಳ್ಬೇಕು, ನಮ್ಮನೆ ಹೆಪ್ಪನ್ನ ಆ ಅಮ್ಮ ದೀಪ ಹಚ್ಚೋಕ್ ಮುಂಚೆ ಕೊಟ್ರು ಅಂತ.”